ದಾನಪತ್ರದಲ್ಲಿ ಊಟದ ಮಾತು ಎಲ್ಲಿದೆ?

(ನಿವೃತ್ತ ನೌಕರರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ನಾನು ವಕೀಲನಲ್ಲ. ಉಪವಿಭಾಗಾಧಿಕಾರಿಗಳ ಕಚೇರಿಯಲ್ಲಿ, ಅಂದರೆ ಜನ ಎ.ಸಿ. ಕಚೇರಿ ಎನ್ನುವಲ್ಲಿ, ವಿಷಯ ನಿರ್ವಾಹಕನಾಗಿದ್ದು ಕೊನೆಗೆ ಶಿರಸ್ತೇದಾರನಾಗಿ ನಿವೃತ್ತನಾದವನು. ಮಕ್ಕಳು ನೋಡಿಕೊಳ್ಳುತ್ತಿಲ್ಲವೆಂದು ಹಿರಿಯರು ಕೊಡುವ ಅರ್ಜಿಗಳ ಕಡತಗಳು ಹಲವು ವರ್ಷ ನನ್ನ ಮೇಜಿನ ಮೇಲೆಯೇ ಇದ್ದವು. ಹಿರಿಯರ ಕಾನೂನಿನ ಬಗ್ಗೆ ಮಾತನಾಡಿ ಎಂದು ನೀವು ಕರೆದಾಗ ಒಪ್ಪಿಕೊಂಡದ್ದು ಆ ಕಡತಗಳ ಋಣದಿಂದ.

ಒಂದು ಕಡತದಿಂದಲೇ ಶುರು ಮಾಡುತ್ತೇನೆ. 2023ರಲ್ಲಿ ಒಬ್ಬ ಅಜ್ಜಿ ಬಂದರು. ಎಪ್ಪತ್ತು ದಾಟಿತ್ತು. ಜವಳಿ ಅಂಗಡಿಯ ಕೈಚೀಲ, ಅದರೊಳಗೆ ಪ್ಲಾಸ್ಟಿಕ್ ಕವರು, ಕವರಿನೊಳಗೆ ಹಳೆಯ ಸೀರೆಯ ತುಂಡು, ಆ ತುಂಡಿನಲ್ಲಿ ಸುತ್ತಿದ ದಾನಪತ್ರ. ಗಂಡ ತೀರಿಕೊಂಡ ಮೇಲೆ ತಮ್ಮ ಹೆಸರಿಗೆ ಪೌತಿ ಖಾತೆಯಾಗಿದ್ದ ಒಂದು ಎಕರೆ ಚಿಲ್ಲರೆ ತೋಟವನ್ನೂ ಮನೆಯನ್ನೂ ಮಗನಿಗೆ ಬರೆದುಕೊಟ್ಟಿದ್ದರು. ಕಾಗದವನ್ನು ನನ್ನ ಮುಂದಿಟ್ಟು, "ನೀನಿರುವ ತನಕ ನಿನ್ನ ಊಟ ಬಟ್ಟೆ ನನ್ನದು ಅಂತ ಅವನು ಹೇಳಿದ್ದ. ನನಗೆ ಓದಲು ಬರುವುದಿಲ್ಲ. ಊಟದ ಮಾತು ಇದರಲ್ಲಿ ಎಲ್ಲಿದೆ, ಓದಿ ಹೇಳಪ್ಪ" ಎಂದರು.

ನಾನು ಓದಿದೆ. ಐದು ಪುಟ. ಚಕ್ಕುಬಂದಿ ಸರಿಯಾಗಿತ್ತು: ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಗಾಡಿ ರಸ್ತೆ, ಉತ್ತರಕ್ಕೆ ಹಳ್ಳ. ಬೋರ್‌ವೆಲ್ ಇತ್ತು, ಪಂಪ್‌ಸೆಟ್ ಇತ್ತು. "ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣ, ಆಗಾಮಿ, ಸಿದ್ಧ, ಸಾಧ್ಯಗಳೆಂಬ ಅಷ್ಟಭೋಗಗಳ ಸಹಿತ" ಎಂಬ ಸಾಲೂ ಇತ್ತು. ಶಾಸನಗಳ ಕಾಲದಿಂದ ನಮ್ಮ ದಸ್ತಾವೇಜುಗಳಲ್ಲಿ ನಡೆದುಬಂದ ಸಾಲು ಅದು. ನೆಲದಡಿ ಯಾರೂ ಕಾಣದ ನಿಧಿ ಯಾರಿಗೆ ಸೇರಬೇಕು ಎಂಬುದು ಆ ಕಾಗದದಲ್ಲಿತ್ತು. ಆಕೆಯ ಎರಡು ಹೊತ್ತಿನ ಊಟ ಇರಲಿಲ್ಲ. "ನನ್ನ ಮಗನಾದ ನಿನ್ನ ಮೇಲಿನ ಪ್ರೀತಿ ವಿಶ್ವಾಸಗಳಿಂದ ದಾನವಾಗಿ ಕೊಟ್ಟಿರುತ್ತೇನೆ, ಇಂದಿನಿಂದ ಈ ಸ್ವತ್ತಿನಲ್ಲಿ ನನಗೆ ಯಾವ ಹಕ್ಕೂ ಇರುವುದಿಲ್ಲ" ಎಂದು ಕೊನೆಯ ಪುಟ ಮುಗಿಯುತ್ತಿತ್ತು. ಅದರ ಕೆಳಗೆ ಆಕೆಯ ಹೆಬ್ಬೆಟ್ಟು. ಪ್ರತಿ ಪುಟದ ಅಂಚಿನಲ್ಲೂ ಹೆಬ್ಬೆಟ್ಟು.

ಆ ಅಜ್ಜಿಗೆ ಜೀವನಾಂಶದ ಆದೇಶವಾಯಿತು. ತೋಟ ಮರಳಿ ಬರಲಿಲ್ಲ. ಏಕೆ ಬರಲಿಲ್ಲ ಎಂಬುದನ್ನೇ ಇಂದು ನಿಮಗೆ ಬಿಡಿಸಿ ಹೇಳಬೇಕೆಂದಿದ್ದೇನೆ.

ಕಾನೂನಿನ ಹೆಸರು ಉದ್ದ: ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ, 2007. ಸಂಸತ್ತು ಮಾಡಿದ ಕಾಯ್ದೆ. ನಮ್ಮ ರಾಜ್ಯದಲ್ಲಿ 2008ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ, ರಾಜ್ಯದ ನಿಯಮಗಳು 2009ರಲ್ಲಿ ಬಂದವು. ಅದಕ್ಕೂ ಮೊದಲು ಹೆತ್ತವರಿಗೆ ದಾರಿಯೇ ಇರಲಿಲ್ಲವೆಂದಲ್ಲ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಲ್ಲಿ ಮುದಿ ತಂದೆತಾಯಿಯರ ಪೋಷಣೆ ಮಕ್ಕಳ ಹೊಣೆಯೆಂದು ಬರೆದಿತ್ತು. 1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಲ್ಲಿಯೂ ಇತ್ತು, ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 144ನೇ ಕಲಂ. ಮದುವೆಯಾಗಿ ಹೋದ ಮಗಳಿಗೂ ಈ ಹೊಣೆ ಇದೆಯೆಂದು ಸುಪ್ರೀಂ ಕೋರ್ಟು 1987ರಲ್ಲಿಯೇ ಹೇಳಿದೆ. "ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ" ಎಂದುಕೊಂಡಿರುವವರಿಗೆ ಇದನ್ನು ಇವತ್ತಿಗೂ ಹೇಳಬೇಕಾಗುತ್ತದೆ. ಆದರೆ ಅವೆಲ್ಲ ನ್ಯಾಯಾಲಯದ ದಾರಿಗಳು. ಎಪ್ಪತ್ತೈದರ ವಯಸ್ಸಿನಲ್ಲಿ ವಕೀಲರ ಶುಲ್ಕ ಹೊಂದಿಸಿ, ದಿನಾಂಕದ ಮೇಲೆ ದಿನಾಂಕಕ್ಕೆ ಓಡಾಡುವ ಶಕ್ತಿ ಯಾರಿಗಿದೆ? ಹೊಸ ಕಾಯ್ದೆ ಆ ಕೆಲಸವನ್ನು ಎ.ಸಿ. ಅವರ ಅಧ್ಯಕ್ಷತೆಯ ನ್ಯಾಯಮಂಡಳಿಗೆ ಕೊಟ್ಟಿತು. ಮೇಲ್ಮನವಿ ಜಿಲ್ಲಾಧಿಕಾರಿಗಳ ಮುಂದೆ. ಹಳೆಯ 125ರ ದಾರಿ, ಈ ದಾರಿ, ಎರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಬೇಕು.

ಯಾರು ಅರ್ಜಿ ಕೊಡಬಹುದು? ಅರವತ್ತು ತುಂಬಿದ, ತನ್ನ ಗಳಿಕೆಯಿಂದಾಗಲಿ ಆಸ್ತಿಯಿಂದಾಗಲಿ ಬದುಕು ನಡೆಸಲಾಗದ ಯಾವ ಹಿರಿಯರಾದರೂ ಕೊಡಬಹುದು. ಹೆತ್ತವರಾದರೆ ಅರವತ್ತು ಆಗಿರಲೇಬೇಕೆಂದಿಲ್ಲ. ದತ್ತು ತಂದೆತಾಯಿ, ಮಲತಂದೆ, ಮಲತಾಯಿ ಎಲ್ಲರೂ ಪೋಷಕರ ಪಟ್ಟಿಯಲ್ಲಿದ್ದಾರೆ. ಮಕ್ಕಳೆಂದರೆ ಮಗ, ಮಗಳು, ವಯಸ್ಸಿಗೆ ಬಂದ ಮೊಮ್ಮಕ್ಕಳು. ಮಕ್ಕಳಿಲ್ಲದ ಹಿರಿಯರ ವಿಷಯದಲ್ಲಿ ಕಾಯ್ದೆ ಒಂದು ಒಳ್ಳೆಯ ಕೆಲಸ ಮಾಡಿದೆ: ಅವರ ಆಸ್ತಿಯನ್ನು ಅನುಭವಿಸುತ್ತಿರುವ, ಅಥವಾ ಮುಂದೆ ಅದಕ್ಕೆ ವಾರಸುದಾರರಾಗುವ ಸಂಬಂಧಿಯೇ ಅವರನ್ನು ಸಾಕಬೇಕು ಎಂದಿದೆ. ಅಣ್ಣನ ಮಕ್ಕಳ ಮನೆಯ ಹಿತ್ತಿಲ ಕೋಣೆಯಲ್ಲಿ ಬದುಕು ಸವೆಸುವ ವಿಧವೆ ಅತ್ತೆಯಂದಿರನ್ನು ನಾವೆಲ್ಲ ನೋಡಿದ್ದೇವೆ. ಅವರ ಪಾಲಿನ ಜಮೀನನ್ನು ಉಳುತ್ತಿರುವವರಿಗೆ ಈಗ ನೋಟಿಸು ಕೊಡಿಸಬಹುದು.

ಅರ್ಜಿಯನ್ನು ತಾವಿರುವ ಊರಿನ ನ್ಯಾಯಮಂಡಳಿಗೂ ಕೊಡಬಹುದು, ಮಕ್ಕಳು ಇರುವ ಊರಿನಲ್ಲಿಯೂ ಕೊಡಬಹುದು. ಕೈಲಾಗದಿದ್ದರೆ ನೀವು ಒಪ್ಪಿಗೆ ಕೊಟ್ಟ ಯಾವ ವ್ಯಕ್ತಿಯಾದರೂ ಸಂಸ್ಥೆಯಾದರೂ ನಿಮ್ಮ ಪರವಾಗಿ ಕೊಡಬಹುದು. ಅರ್ಜಿಯೇ ಇಲ್ಲದೆ ನ್ಯಾಯಮಂಡಳಿ ತಾನಾಗಿಯೇ ಪ್ರಕರಣ ಎತ್ತಿಕೊಳ್ಳುವುದಕ್ಕೂ ಅಧಿಕಾರವಿದೆ. ವಕೀಲರು ವಾದಿಸುವಂತಿಲ್ಲ ಎನ್ನುತ್ತದೆ 17ನೇ ಕಲಂ. ಆ ಕಲಮಿನ ಬಗ್ಗೆ ಹೈಕೋರ್ಟುಗಳಲ್ಲಿ ತಕರಾರು ಎದ್ದಿದೆ. ಏನೇ ಇರಲಿ, ವಕೀಲರಿಲ್ಲದೆ ಹೋಗಬಹುದು ಎಂಬುದು ಹಿರಿಯರಿಗೆ ಧೈರ್ಯ ಕೊಡುವ ಮಾತು. ಬೇಕೆಂದರೆ ಪೋಷಣಾ ಅಧಿಕಾರಿ ನಿಮ್ಮ ಪರವಾಗಿ ನಿಲ್ಲುತ್ತಾರೆ. ಆದೇಶದ ಪ್ರತಿಗೆ ಶುಲ್ಕವಿಲ್ಲ.

ನೋಟಿಸು ಮುಟ್ಟಿದ ದಿನದಿಂದ 90 ದಿನಗಳೊಳಗೆ ತೀರ್ಮಾನವಾಗಬೇಕು, ವಿಶೇಷ ಕಾರಣವಿದ್ದರೆ ಒಮ್ಮೆ ಮಾತ್ರ ಇನ್ನು 30 ದಿನ. ಕಾಗದದ ಮೇಲಿನ ಲೆಕ್ಕ ಇದು. ನಾನು ಕಂಡ ಲೆಕ್ಕ ಬೇರೆ. ಎ.ಸಿ. ಅವರ ತಲೆಯ ಮೇಲೆ ಖಾತೆ ಮೇಲ್ಮನವಿಗಳಿವೆ, ಭೂಸ್ವಾಧೀನವಿದೆ, ಚುನಾವಣೆ ಬಂದರೆ ಅದಿದೆ, ನೆರೆ ಬಂದರೆ ಅದೂ ಇದೆ. ವಿಚಾರಣೆಯ ದಿನ ಬೆಳಿಗ್ಗೆ ಏಳರ ಬಸ್ಸು ಹಿಡಿದು ಬಂದ ಹಿರಿಯರು ಮಧ್ಯಾಹ್ನದವರೆಗೆ ಮರದ ಬೆಂಚಿನ ಮೇಲೆ ಕುಳಿತಿರುತ್ತಿದ್ದರು. ಸಾಹೇಬರು ತುರ್ತು ಸಭೆಗೆ ಹೋಗಿದ್ದಾರೆ, ಮುಂದಿನ ದಿನಾಂಕಕ್ಕೆ ಬನ್ನಿ ಎಂದು ಹೇಳುವ ಕೆಲಸ ನನ್ನದಾಗಿತ್ತು. ಅದನ್ನು ಹೇಳುವಾಗ ಒಮ್ಮೆಯೂ ನನಗೆ ಮುಖವೆತ್ತಲು ಆಗಿಲ್ಲ. ಹಿರಿಯರ ಪ್ರಕರಣಗಳಿಗೆ ವಾರದಲ್ಲಿ ಒಂದು ದಿನವನ್ನು ಮೀಸಲಿಟ್ಟು, ಆ ದಿನ ಯಾವ ಸಭೆಯನ್ನೂ ಕರೆಯಬಾರದು ಎಂದು ಸರ್ಕಾರ ಒಂದು ಸುತ್ತೋಲೆ ಹೊರಡಿಸಲಿ. ಇದಕ್ಕೆ ಹೊಸ ಕಾನೂನು ಬೇಡ, ಹಣವೂ ಬೇಡ.

ಜೀವನಾಂಶಕ್ಕೆ ಕಾಯ್ದೆ ಹಾಕಿದ ಮಿತಿ ತಿಂಗಳಿಗೆ 10,000 ರೂಪಾಯಿ. 2007ರಲ್ಲಿ ಬರೆದ ಅಂಕಿ ಇದು, ಇಂದಿಗೂ ಕದಲಿಲ್ಲ. ಮಿತಿಯನ್ನು ತೆಗೆದುಹಾಕುವ, ಅಳಿಯ ಸೊಸೆಯರನ್ನೂ ಹೊಣೆಗಾರರ ಪಟ್ಟಿಗೆ ಸೇರಿಸುವ ತಿದ್ದುಪಡಿ ಮಸೂದೆಯೊಂದು 2019ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಮಂಡನೆಯಾಯಿತು, ಆದರೆ ಆ ಮಸೂದೆ ಕಾಯ್ದೆಯಾಗಲಿಲ್ಲ. ಡಯಾಲಿಸಿಸ್‌ಗೆ ವಾರಕ್ಕೆರಡು ಬಾರಿ ಹೋಗಬೇಕಾದ ತಂದೆಗೆ, ಲಕ್ಷಗಟ್ಟಲೆ ಸಂಬಳ ತರುವ ಮಗನಿದ್ದರೂ, ನ್ಯಾಯಮಂಡಳಿ ಹತ್ತು ಸಾವಿರಕ್ಕಿಂತ ಹೆಚ್ಚು ಕೊಡಿಸಲಾರದು. ಆದೇಶವಾದ ಮೇಲೂ ಕೊಡದಿದ್ದರೆ ವಾರಂಟು ಹೊರಡಿಸಬಹುದು, ಒಂದು ತಿಂಗಳವರೆಗೆ ಜೈಲಿಗೂ ಕಳಿಸಬಹುದು. ಆದರೆ ಮಗನನ್ನು ಜೈಲಿಗೆ ಹಾಕಿ ಎಂದು ಕೇಳಿದ ತಾಯಿಯನ್ನು ನಾನು ನೋಡಲಿಲ್ಲ. ವಾರಂಟಿನ ಮಾತು ಬಂದ ಕೂಡಲೇ, "ಬೇಡ ಸ್ವಾಮಿ, ಅವನ ಮಕ್ಕಳು ಶಾಲೆಗೆ ಹೋಗುತ್ತವೆ, ಅವಮಾನವಾಗುತ್ತದೆ" ಎಂದು ಅರ್ಜಿ ವಾಪಸು ಪಡೆದವರು ಎಷ್ಟೋ ಮಂದಿ. ಹೆತ್ತವರ ಈ ಮರುಕ ಮಕ್ಕಳಿಗೂ ಗೊತ್ತಿರುತ್ತದೆ. ಕೆಲವರು ಅದನ್ನೇ ನಂಬಿಕೊಂಡು ಆದೇಶವನ್ನು ಬದಿಗಿಡುತ್ತಾರೆ.

ಈಗ ಅಜ್ಜಿಯ ತೋಟಕ್ಕೆ ಬರುತ್ತೇನೆ. ಕಾಯ್ದೆಯ 23ನೇ ಕಲಂ ಎಲ್ಲಕ್ಕಿಂತ ಬಲವಾದ ಕಲಂ. ಕಾಯ್ದೆ ಜಾರಿಗೆ ಬಂದ ಮೇಲೆ ಹಿರಿಯರೊಬ್ಬರು ತಮ್ಮ ಆಸ್ತಿಯನ್ನು ದಾನವಾಗಿಯೋ ಬೇರೆ ರೀತಿಯಲ್ಲಿಯೋ ಕೊಟ್ಟಿದ್ದು, ಪಡೆದವರು ತಮಗೆ ಮೂಲ ಸೌಕರ್ಯಗಳನ್ನೂ ದೈಹಿಕ ಅಗತ್ಯಗಳನ್ನೂ ಒದಗಿಸಬೇಕೆಂಬ ಷರತ್ತಿಗೆ ಒಳಪಟ್ಟು ಕೊಟ್ಟಿದ್ದರೆ, ಪಡೆದವರು ಅದಕ್ಕೆ ತಪ್ಪಿದಾಗ ಆ ವರ್ಗಾವಣೆ ಮೋಸದಿಂದಲೋ ಬಲವಂತದಿಂದಲೋ ಆದದ್ದೆಂದು ಭಾವಿಸಿ ನ್ಯಾಯಮಂಡಳಿ ಅದನ್ನು ಅನೂರ್ಜಿತಗೊಳಿಸಬಹುದು. ನೋಂದಣಿಯಾದ ದಸ್ತಾವೇಜನ್ನು ಸಿವಿಲ್ ದಾವೆಯ ಗೋಜಿಲ್ಲದೆ ಎ.ಸಿ. ನ್ಯಾಯಮಂಡಳಿಯೇ ಬಿಡಿಸಿಹಾಕುವಷ್ಟು ದೊಡ್ಡ ಅಧಿಕಾರ. ಆದರೆ ಅದೆಲ್ಲ ನಿಂತಿರುವುದು "ಷರತ್ತಿಗೆ ಒಳಪಟ್ಟು" ಎಂಬ ಎರಡು ಪದಗಳ ಮೇಲೆ.

2022ರ ಡಿಸೆಂಬರ್ 6ರಂದು ಸುಪ್ರೀಂ ಕೋರ್ಟಿನ ತೀರ್ಪೊಂದು ಬಂತು. ಬರೆದವರು ಅದಕ್ಕೆ ಮುಂಚೆ ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಅಭಯ್ ಎಸ್. ಓಕಾ. ಹರಿಯಾಣದ ತಾಯಿಯೊಬ್ಬರು ಹೆಣ್ಣುಮಕ್ಕಳಿಗೆ ಹಕ್ಕು ಬಿಡುಗಡೆ ಪತ್ರ ಮಾಡಿಕೊಟ್ಟಿದ್ದ ಪ್ರಕರಣ. ಹಿರಿಯರು ಎಷ್ಟೋ ಸಲ ಏನನ್ನೂ ಎದುರುನೋಡದೆ, ಬರೀ ಪ್ರೀತಿಯಿಂದ ಆಸ್ತಿ ಕೊಡುತ್ತಾರೆ, ಆದ್ದರಿಂದ ನೋಡಿಕೊಳ್ಳಬೇಕೆಂಬ ಷರತ್ತು ಇತ್ತೆಂದು ತೋರಿಸಲೇಬೇಕು ಎಂಬುದು ಅದರ ಸಾರ. ಅಜ್ಜಿಯ ಕಾಗದದಲ್ಲಿ ಇದ್ದದ್ದು ಅದೇ "ಪ್ರೀತಿ ವಿಶ್ವಾಸ". ಪತ್ರಬರಹಗಾರರು ತಲೆಮಾರುಗಳಿಂದ ಎಲ್ಲ ದಾನಪತ್ರಗಳಿಗೂ ಹಾಕುತ್ತ ಬಂದ ಎರಡು ಪದ. ಆ ಪ್ರೀತಿಯೇ ಆಕೆಗೆ ಮುಳುವಾಯಿತು. ಕಾನೂನನ್ನು ಹಾಗೆ ಓದುವುದು ತಪ್ಪೆಂದು ನಾನು ಹೇಳಲಾರೆ, ಕಲಮಿನಲ್ಲಿ ಷರತ್ತು ಎಂದೇ ಬರೆದಿದೆ. ಆದರೆ ಓದಲು ಬಾರದ ಹೆಂಗಸು, ಮಗ ಕರೆದುಕೊಂಡು ಹೋದ ಬರಹಗಾರ, ಮಗನೇ ಕೊಟ್ಟ ಶುಲ್ಕ, ಮಗನೇ ಹೇಳಿಸಿದ ಒಕ್ಕಣೆ, ಇಷ್ಟೆಲ್ಲ ಇರುವಲ್ಲಿ ಷರತ್ತು ಹಾಕುವವರು ಯಾರು?

2025ರ ಜನವರಿ 2ರಂದು ಬಂದ ಇನ್ನೊಂದು ತೀರ್ಪು ಸ್ವಲ್ಪ ಉಸಿರು ಕೊಟ್ಟಿದೆ. ಮಧ್ಯಪ್ರದೇಶದ ತಾಯಿಯೊಬ್ಬರು 2019ರಲ್ಲಿ ಮಗನಿಗೆ ದಾನಪತ್ರ ಮಾಡಿಕೊಟ್ಟಿದ್ದರು. ಕೊನೆಯವರೆಗೂ ನೋಡಿಕೊಳ್ಳುತ್ತೇನೆ, ತಪ್ಪಿದರೆ ವಾಪಸು ಪಡೆಯಬಹುದು ಎಂಬ ವಚನಪತ್ರವೂ ಜೊತೆಗಿತ್ತೆಂಬುದು ಅವರ ವಾದ. ನ್ಯಾಯಮೂರ್ತಿಗಳಾದ ಸಿ.ಟಿ. ರವಿಕುಮಾರ್ ಮತ್ತು ಸಂಜಯ್ ಕರೋಲ್ ಅವರ ಪೀಠ, ಇದು ಹಿರಿಯರ ಹಿತಕ್ಕಾಗಿ ಮಾಡಿದ ಕಾಯ್ದೆ, ಇದನ್ನು ಉದಾರವಾಗಿಯೇ ಓದಬೇಕು ಎಂದು ಹೇಳಿ ದಾನಪತ್ರವನ್ನು ರದ್ದುಪಡಿಸಿತು. ಸ್ವತ್ತನ್ನು ಬಿಡಿಸಿಕೊಡುವ ಅಧಿಕಾರವೂ ನ್ಯಾಯಮಂಡಳಿಗಿದೆ ಎಂದಿತು. ಆದರೂ ಗಮನಿಸಿ, ಅಲ್ಲಿಯೂ ತಾಯಿಯ ಕೈಯಲ್ಲಿ ಒಂದು ಕಾಗದವಿತ್ತು. ನಮ್ಮ ಅಜ್ಜಿಯ ಕೈಯಲ್ಲಿ ಮಗನ ಮಾತು ಮಾತ್ರ ಇತ್ತು. ಕೊಟ್ಟವ ಕೋಡಂಗಿ, ಈಸಿಕೊಂಡವ ವೀರಭದ್ರ ಎಂದು ನಮ್ಮ ಹಿರಿಯರು ಅಂದದ್ದು ಸಾಲದ ವಿಷಯಕ್ಕೆ. ದಾನಪತ್ರದ ವಿಷಯಕ್ಕೆ ಅದು ಇನ್ನಷ್ಟು ಸಲ್ಲುತ್ತದೆ.

ಆದ್ದರಿಂದ ನನ್ನ ಒಂದು ಬೇಡಿಕೆಯನ್ನು ನೇರವಾಗಿ ಇಡುತ್ತೇನೆ. ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಅರವತ್ತು ದಾಟಿದವರು ದಾನಪತ್ರವನ್ನೋ ಹಕ್ಕು ಬಿಡುಗಡೆಯನ್ನೋ ನೋಂದಾಯಿಸಲು ಬಂದಾಗ, ಪಡೆಯುವವರನ್ನು ಹೊರಗೆ ಕೂರಿಸಿ, ಬರೆದುಕೊಡುವವರನ್ನು ಒಂದೇ ಒಂದು ಪ್ರಶ್ನೆ ಕೇಳಬೇಕು: "ನಿಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಡುತ್ತಿದ್ದೀರಾ?" ಹೌದೆಂದರೆ ಆ ಸಾಲು ದಸ್ತಾವೇಜಿಗೆ ಸೇರಬೇಕು. ಬೇಡವೆಂದರೆ ಅದೂ ದಾಖಲಾಗಲಿ. ಫೋಟೋ ತೆಗೆಯುವುದಕ್ಕೆ, ಬೆರಳಚ್ಚಿಗೆ ಸಮಯವಿದೆ, ಈ ಪ್ರಶ್ನೆಗೆ ಎರಡು ನಿಮಿಷ ಸಿಗಲಾರದೇ?

ಇನ್ನೊಂದು ಮಗ್ಗುಲನ್ನು ಹೇಳದಿದ್ದರೆ ನಾನು ಅನ್ಯಾಯ ಮಾಡಿದಂತೆ. ಈ ಕಾಯ್ದೆಯನ್ನು ಸೊಸೆಯನ್ನು ಮನೆಯಿಂದ ಹೊರಹಾಕುವ ದೊಣ್ಣೆಯಾಗಿಯೂ ಬಳಸುತ್ತಾರೆ. ಬೆಂಗಳೂರಿನದೇ ಪ್ರಕರಣ. ಗಂಡನ ಹೆಸರಿನಲ್ಲಿದ್ದ ಸ್ವತ್ತು ಮಾವನಿಗೆ ಮಾರಾಟವಾಗಿ, ಆಮೇಲೆ ಅತ್ತೆಗೆ ದಾನವಾಯಿತು. ದಂಪತಿಗಳ ನಡುವೆ ಮೊಕದ್ದಮೆ ನಡೆದಿತ್ತು. ಅತ್ತೆಮಾವ ಈ ಕಾಯ್ದೆಯಡಿ ಎ.ಸಿ. ಅವರಲ್ಲಿಗೆ ಹೋದರು, ಸೊಸೆಯನ್ನು ತೆರವುಗೊಳಿಸುವ ಆದೇಶವಾಯಿತು. ಜಿಲ್ಲಾಧಿಕಾರಿಗಳೂ ಹೈಕೋರ್ಟೂ ಅದನ್ನೇ ಎತ್ತಿಹಿಡಿದವು. 2020ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಕೌಟುಂಬಿಕ ದೌರ್ಜನ್ಯ ತಡೆಯ 2005ರ ಕಾಯ್ದೆ ಹೆಣ್ಣಿಗೆ ಕೊಟ್ಟಿರುವ ವಾಸದ ಹಕ್ಕನ್ನು ಹಿರಿಯರ ಕಾಯ್ದೆಯ ಸರಸರನೆಯ ವಿಚಾರಣೆಯಲ್ಲಿ ಅಳಿಸಿಹಾಕಲಾಗದು, ಎರಡನ್ನೂ ಹೊಂದಿಸಿ ಓದಬೇಕು ಎಂದರು ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್. ನಮ್ಮಂಥ ಕಚೇರಿಗಳಿಗೆ ಅದು ದೊಡ್ಡ ಪಾಠ. ಅರ್ಜಿ ಹಿರಿಯರದು ಎಂದ ಮಾತ್ರಕ್ಕೆ ಎದುರಿಗೆ ನಿಂತವಳು ದುಷ್ಟಳಲ್ಲ. ಆಕೆಯೂ ಅದೇ ಮನೆಯ ದುರ್ಬಲಳಿರಬಹುದು.

ಬಿಟ್ಟುಹೋಗುವವರ ಬಗ್ಗೆಯೂ ಎರಡು ಮಾತು. ಸಾಕುವ ಹೊಣೆ ಹೊತ್ತವರು ಹಿರಿಯರನ್ನು ಎಲ್ಲಾದರೂ ತಂದು ತೊರೆದು ಹೋದರೆ 24ನೇ ಕಲಮಿನಡಿ ಮೂರು ತಿಂಗಳವರೆಗೆ ಸಜೆ, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಆಸ್ಪತ್ರೆಯ ವಾರ್ಡಿನಲ್ಲಿ ದಾಖಲು ಮಾಡಿ, ತಪ್ಪು ಮೊಬೈಲ್ ಸಂಖ್ಯೆ ಬರೆಸಿ ಹೋಗುವುದೂ ತೊರೆಯುವುದೇ. ಪೊಲೀಸರು ವಾರಂಟಿಲ್ಲದೆ ಕ್ರಮ ಕೈಗೊಳ್ಳಬಹುದಾದ ಅಪರಾಧ ಇದು, "ಮನೆ ಜಗಳ, ನೀವೇ ಸರಿಮಾಡಿಕೊಳ್ಳಿ" ಎಂದು ಕಳಿಸುವಂತಿಲ್ಲ. ದಾರಿ ತಿಳಿಯದವರು 14567ಕ್ಕೆ ಕರೆ ಮಾಡಿ. ಅದು ಹಿರಿಯರ ರಾಷ್ಟ್ರೀಯ ಸಹಾಯವಾಣಿ.

ಇನ್ನು ವೃದ್ಧಾಶ್ರಮ. ಪ್ರತಿ ಜಿಲ್ಲೆಗೆ ಕನಿಷ್ಠ ಒಂದು, ಅದರಲ್ಲಿ 150 ಜನ ನಿರ್ಗತಿಕ ಹಿರಿಯರಿಗೆ ಜಾಗ ಎಂದು 19ನೇ ಕಲಂ ಹೇಳುತ್ತದೆ. ಆದರೆ ಅಲ್ಲಿರುವ ಕ್ರಿಯಾಪದ "ಸ್ಥಾಪಿಸಬಹುದು", "ಸ್ಥಾಪಿಸತಕ್ಕದ್ದು" ಅಲ್ಲ. ಸರ್ಕಾರಿ ಭಾಷೆಯಲ್ಲಿ ಬದುಕು ಕಳೆದವನಿಗೆ ಈ ಎರಡು ಪದಗಳ ನಡುವಿನ ಅಂತರ ಎಷ್ಟು ಮೈಲಿ ಎಂದು ಗೊತ್ತು. 2018ರಲ್ಲಿ ಸುಪ್ರೀಂ ಕೋರ್ಟು ಜಿಲ್ಲಾವಾರು ವೃದ್ಧಾಶ್ರಮಗಳ ಮಾಹಿತಿ ಕೇಳಿ, ಹಿರಿಯರಿಗೆ ಈ ಹಕ್ಕುಗಳಿರುವುದನ್ನು ಜನರಿಗೆ ತಿಳಿಸಿ ಎಂದು ಸರ್ಕಾರಗಳಿಗೆ ಹೇಳಿತ್ತು. ತಿಳಿಸುವ ಆ ಕೆಲಸ ನಮ್ಮ ನಿಮ್ಮಂಥವರ ಪಾಲಿಗೆ ಬಂದಿದೆ.

ನಿಮ್ಮಲ್ಲಿ ಇನ್ನೂ ಆಸ್ತಿ ಬರೆದುಕೊಡದವರಿಗೆ ನನ್ನ ಸಲಹೆ: ಆತುರವಿಲ್ಲದಿದ್ದರೆ ಉಯಿಲು ಬರೆಯಿರಿ. ಅದು ಜಾರಿಗೆ ಬರುವುದು ನಿಮ್ಮ ಕಾಲದ ನಂತರ, ಮನಸ್ಸು ಬದಲಾದರೆ ಬದಲಿಸಬಹುದು. ಕುಟುಂಬದೊಳಗಿನ ದಾನಪತ್ರಕ್ಕೆ ಮುದ್ರಾಂಕ ಶುಲ್ಕ ಕಡಿಮೆ, ಈಗಲೇ ಮಾಡಿಬಿಡಿ ಎಂದು ಯಾರಾದರೂ ಅವಸರಪಡಿಸಿದರೆ, ಒಂದು ವಾರ ಸಮಯ ಕೇಳಿ. ದಾನಪತ್ರವನ್ನೇ ಮಾಡುವುದಾದರೆ ಬರಹಗಾರರನ್ನು ನೀವೇ ಆರಿಸಿ, ನಿಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಸಾಲನ್ನು ಹಾಕಿಸಿ, ಕರಡನ್ನು ನಿಮಗೆ ಬೇಕಾದವರಿಂದ ಗಟ್ಟಿಯಾಗಿ ಓದಿಸಿ ಕೇಳಿ. ಮಗ ಬೇಸರ ಮಾಡಿಕೊಂಡಾನು ಎಂದು ಹೆದರಬೇಡಿ. ಸಾಕುವ ಮನಸ್ಸಿರುವ ಮಗನಿಗೆ ಆ ಸಾಲಿನಿಂದ ಏನೂ ನಷ್ಟವಿಲ್ಲ.

ಮಾತು ಮುಗಿಸಿ ಕುಳಿತಾಗ, ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಎದ್ದು ಬಂದು, ಆಹ್ವಾನ ಪತ್ರಿಕೆಯ ಹಿಂಬದಿಯನ್ನು ತಿರುಗಿಸಿ, ಪೆನ್ನಿನ ಮುಚ್ಚಳ ತೆಗೆದು, "ಆ ಸಾಲನ್ನು ನಿಧಾನವಾಗಿ ಹೇಳಿ, ಬರೆದುಕೊಳ್ಳುತ್ತೇನೆ" ಎಂದರು. ಅವರಿಗೆ ಹೇಳಿದ್ದನ್ನು ಇಲ್ಲಿಯೂ ಬರೆಯುತ್ತೇನೆ: "ದಾನ ಪಡೆಯುವವರು ನನ್ನ ಜೀವಿತಾವಧಿಯವರೆಗೆ ನನಗೆ ಊಟ, ಬಟ್ಟೆ, ಔಷಧೋಪಚಾರ ಹಾಗೂ ಇದೇ ಮನೆಯಲ್ಲಿ ವಾಸಕ್ಕೆ ಅನುಕೂಲವನ್ನು ಒದಗಿಸತಕ್ಕದ್ದು ಎಂಬ ಷರತ್ತಿಗೆ ಒಳಪಟ್ಟು ಈ ದಾನಪತ್ರವನ್ನು ಬರೆದುಕೊಟ್ಟಿರುತ್ತೇನೆ, ಅವರು ಇದನ್ನು ನಿರಾಕರಿಸಿದಲ್ಲಿ ಅಥವಾ ಇದಕ್ಕೆ ತಪ್ಪಿದಲ್ಲಿ 2007ರ ಕಾಯ್ದೆಯ 23ನೇ ಕಲಮಿನ ಮೇರೆಗೆ ಈ ಪತ್ರವನ್ನು ರದ್ದುಪಡಿಸಿಕೊಳ್ಳುವ ಹಕ್ಕು ನನಗಿರುತ್ತದೆ." ಅವರು ಬರೆದುಕೊಂಡು, ನನಗೆ ಓದಿ ತೋರಿಸಿ, "ಊಟ" ಎಂಬಲ್ಲಿ "ಎರಡು ಹೊತ್ತು" ಎಂದು ಸೇರಿಸಿಕೊಂಡರು.